ಅಂಗಣದ ಅಂಚಿನ ಮಣೆ

ಮಸೀದಿಯ ಮೈಕು ಬೆಳಗಿನ ಕರೆ ಮುಗಿಸಿ ಸುಮ್ಮನಾಗುವ ಹೊತ್ತಿಗೆ ದರ್ಸಿನಾ ಕ್ರೀಡಾಭವನದ ಹಿಂಬಾಗಿಲು ತೆಗೆದು, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಕಾಲಿಡುತ್ತಾರೆ. ದೀಪ ಹಾಕುವುದಿಲ್ಲ. ಎತ್ತರದ ಕಿಟಕಿಗಳಿಂದ ಇಳಿಯುವ ಮಬ್ಬು ಬೆಳಕೇ ಸಾಕು, ಈ ಕೆಲಸಕ್ಕೆ ಕಣ್ಣಿಗಿಂತ ಅಂಗಾಲು ಮುಖ್ಯ. ಹಸಿರು ಹಾಸಿನ ಮೇಲೆ ಹಿಮ್ಮಡಿ ಊರಿ, ಬೆರಳು ಊರಿ, ಗದ್ದೆಯ ಬದುವಿನ ಮೇಲೆ ನಡೆಯುವವರಂತೆ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ಹೋಗಿ ಬರುತ್ತಾರೆ. ಬಲೆಯ ಹತ್ತಿರ ಒಂದು ಕಡೆ ನಿಂತು ಪಾದವನ್ನು ಎರಡು ಸಲ ತಿರುಚುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ಹಳೆಯ ಬಾತಿಕ್ ಬಟ್ಟೆಯನ್ನು ಎಳೆದು ಆ ಜಾಗ ಒರೆಸಿ, ಮತ್ತೆ ಕಾಲಿಟ್ಟು ನೋಡುತ್ತಾರೆ.

"ಈಗ ಸರಿ ಹೋಯ್ತು ನೋಡು," ಎಂದು ನೆಲಕ್ಕೇ ಹೇಳುತ್ತಾರೆ. "ಯಾವನೋ ಮೆಂಡೊಆನ್ ತಿಂದ ಎಣ್ಣೆ ಕೈಯಲ್ಲೇ ಬಲೆ ಕಟ್ಟಿದಾನೆ. ತಿಂದ್ಮೇಲೆ ಕೈ ತೊಳ್ಕೊಳ್ಳಕ್ಕೆ ಏನು ದಾಡಿ ಇವರಿಗೆ!"

ಇವತ್ತು ಸ್ಲಾಮೆತ್ ಕಪ್ ಬ್ಯಾಡ್ಮಿಂಟನ್‌ನ ಫೈನಲ್. ಪುರ್ವೊಕೆರ್ತೊ ಊರಿನ ನೆತ್ತಿಯ ಮೇಲೆ ಕುಳಿತ ಬೆಂಕಿಬೆಟ್ಟದ ಹೆಸರು ಹೊತ್ತ ಈ ಪಂದ್ಯಾವಳಿಗೆ ಪ್ರತಿ ವರ್ಷ ಎಲ್ಲೆಲ್ಲಿಂದಲೋ ಆಟಗಾರರು ಬರುತ್ತಾರೆ. ಗೆದ್ದವರ ಹೆಸರುಗಳು ಭವನದ ಗೋಡೆಯ ಮೇಲೆ ಹೊಳೆಯುತ್ತವೆ. ಅವರ ಬೆವರು ಒರೆಸಿದ ದರ್ಸಿನಾ ಹೆಸರು ಎಲ್ಲೂ ಇಲ್ಲ, ಅದಕ್ಕೆ ಅವರಿಗೆ ಬೇಸರವೂ ಇಲ್ಲ. ಬೇಸರ ಇರುವುದು ಒಂದು ಮಣೆಯ ವಿಷಯಕ್ಕೆ. ಅಂಪೈರ್ ಕುರ್ಚಿಯ ಪಕ್ಕ, ಅಂಗಣದ ಅಂಚಿನಲ್ಲಿ, ನಲವತ್ತು ವರ್ಷಕ್ಕೂ ಮೇಲೆ ಇದ್ದ ಅವರ ಹಲಸಿನ ಮರದ ಮಣೆ ಈ ವರ್ಷ ಅಲ್ಲಿಲ್ಲ. ಉಗ್ರಾಣದಲ್ಲಿಟ್ಟು ಬೀಗ ಜಡಿದಿದ್ದಾರೆ. ಬೀಗದ ಕೈ ಪಂದ್ಯಾವಳಿ ಸಮಿತಿಯ ಅಧ್ಯಕ್ಷ ಕುಂಚೊರೊ ಅವರ ಜೇಬಿನಲ್ಲಿದೆ.

ಸಮಿತಿಯ ಷರತ್ತು ಒಂದೇ. ಊರಿನ ಕಣ್ಮಣಿ, ಆಟಗಾರ ಗಿಲಾಂಗ್‌ನ ಬಳಿ ದರ್ಸಿನಾ ಎಲ್ಲರೆದುರು ಕ್ಷಮೆ ಕೇಳಬೇಕು. ಕೇಳಿದರೆ ಮಣೆ, ಅಂಗಣ, ಹಳೆಯ ಜಾಗ. ಕೇಳದಿದ್ದರೆ ಮೊಗಸಾಲೆ ಗುಡಿಸುವುದು, ಶೌಚಾಲಯ ತೊಳೆಯುವುದು. ಹಾಗಾಗಿ ಈ ವಾರವಿಡೀ ಅವರು ಮೊಗಸಾಲೆ ಗುಡಿಸಿದ್ದಾರೆ, ಶೌಚಾಲಯ ತೊಳೆದಿದ್ದಾರೆ. ಬೆಳಗಿನ ಜಾವ ಮಾತ್ರ ಯಾರ ಅಪ್ಪಣೆಯನ್ನೂ ಕೇಳದೆ ಬರಿಗಾಲಲ್ಲಿ ಅಂಗಣ ತುಳಿದಿದ್ದಾರೆ.

"ಮಣೆಗೆ ಬೀಗ ಹಾಕಿದಾರೆ, ಹಾಕ್ಲಿ. ನನ್ನ ಕಾಲಿಗೆ ಬೀಗ ಹಾಕೋ ಗಂಡಸು ಇನ್ನೂ ಹುಟ್ಟಿಲ್ಲ."

ಅಪರಾಧ ಏನು ಎಂದು ಕೇಳಿದರೆ ಊರಿನ ಮಗುವೂ ಹೇಳುತ್ತದೆ. ಹೋದ ವರ್ಷದ ಫೈನಲ್. ಮೂರನೆಯ ಗೇಮು, ಹತ್ತೊಂಬತ್ತು ಸಮ. ಗಿಲಾಂಗ್ ಏದುಸಿರು ಬಿಡುತ್ತಿದ್ದ. ಉಸಿರು ಹಿಡಿಯಲು ಆಟಗಾರರು ಹೂಡುವ ಹಳೆಯ ಉಪಾಯವೊಂದಿದೆ. ನೆಲದ ಕಡೆ ಬೆರಳು ತೋರಿಸಿ, ಬೆವರು ಬಿದ್ದಿದೆ, ಒರೆಸಿ ಎನ್ನುವುದು. ಒರೆಸುವವರು ಬಂದು ಹೋಗುವುದರೊಳಗೆ ಎದೆಬಡಿತ ಇಳಿಯುತ್ತದೆ, ಎದುರಾಳಿಯ ಲಯ ಕೆಡುತ್ತದೆ. ಗಿಲಾಂಗ್ ಆ ಗೇಮಿನಲ್ಲಿ ನಾಲ್ಕು ಸಲ ಬೆರಳು ತೋರಿಸಿದ್ದ. ನಾಲ್ಕು ಸಲವೂ ದರ್ಸಿನಾ ಮಣೆಯಿಂದೆದ್ದು ಹೋಗಿ ಒರೆಸಿ ಬಂದಿದ್ದರು. ಐದನೆಯ ಸಲ ಹೋದರು, ಬಗ್ಗಿದರು, ಅಂಗೈ ಊರಿದರು. ನೆಟ್ಟಗೆ ನಿಂತು ಅಂಪೈರ್ ಕಡೆ ತಿರುಗಿ, "ಒಣಗಿದೆ," ಎಂದು ಕಡ್ಡಿ ಮುರಿದಂತೆ ಹೇಳಿ, ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ವಾಪಸು ಬಂದು ಕೂತರು.

ಯಾರೋ ಪಕ್ಕನೆ ನಕ್ಕರು. ನಗು ಗ್ಯಾಲರಿಯಿಂದ ಗ್ಯಾಲರಿಗೆ ಹಬ್ಬಿತು. ಕಿವಿಯವರೆಗೂ ಕೆಂಪಾದ ಗಿಲಾಂಗ್ ಸರ್ವಿಸನ್ನು ಬಲೆಗೆ ಹೊಡೆದ, ಮುಂದಿನದನ್ನು ಗೆರೆಯಾಚೆಗೆ ಹೊಡೆದ. ಕಪ್ ಮಲೇಷ್ಯಾದ ಎದುರಾಳಿಯ ಪಾಲಾಯಿತು. ನಕ್ಕಿದ್ದವರೇ ಹೊರಗೆ ಬರುವಷ್ಟರಲ್ಲಿ ಹಲ್ಲು ಕಡಿಯುತ್ತಿದ್ದರು.

ಯೋಗ್ಯಕಾರ್ತದ ನಯನಾಜೂಕಿನವರು ನಮ್ಮೂರ ಮಾತು ಕೇಳಿದರೆ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾರೆ. ಅಷ್ಟು ಒರಟು, ಅಷ್ಟು ನೇರ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳುವುದು ನಮ್ಮ ಹೆಮ್ಮೆ ಎಂದು ಮದುವೆಮನೆಯ ಭಾಷಣಗಳಲ್ಲೂ ಎದೆ ತಟ್ಟಿಕೊಳ್ಳುತ್ತೇವೆ. ಆದರೆ ಒಬ್ಬಾಕೆ ನಿಜಕ್ಕೂ ಹಾಗೆ ಹೇಳಿದಾಗ ಊರಿಗೆ ಊರೇ ಮುನಿಸಿಕೊಂಡಿತು. ಎದ್ದು ಬಂದು ಎದೆಗೊದೆಯುವ ಸತ್ಯ ಯಾರಿಗೆ ಬೇಕು?

ಸಂತೆಗೆ ಹೋದರೆ ಸೊಪ್ಪಿನವಳು ಸೊಪ್ಪಿನ ಮೇಲೆ ಅಂಗೈ ಇಟ್ಟು, "ಒಣಗಿದೆ ಲಿಕ್, ಬೇಡ ಬಿಡಿ," ಎನ್ನುತ್ತಿದ್ದಳು. ಊರಿಗೆಲ್ಲ ದರ್ಸಿನಾ ಲಿಕ್, ಅಂದರೆ ಚಿಕ್ಕಮ್ಮ. ಮಳೆ ಧೋ ಎಂದು ಸುರಿಯುವಾಗ ಪಡ್ಡೆ ಹುಡುಗರು ಬಸ್ ತಂಗುದಾಣದಿಂದ ಕೂಗುತ್ತಿದ್ದರು: "ಲಿಕ್, ರಸ್ತೆ ಒದ್ದೆನಾ ಒಣಾನಾ, ಸ್ವಲ್ಪ ಮುಟ್ಟಿ ಹೇಳಿ!" ದರ್ಸಿನಾ ಕೊಡೆ ಮಡಿಚಿ ಅವರ ಮುಂದೆಯೇ ನೀರು ಕೊಡವಿ, "ಈಗ ನೀವೇ ಹೇಳ್ರೋ," ಎಂದು ಮುಂದೆ ಹೋಗುತ್ತಿದ್ದರು.

ಮನೆಯೊಳಗಿನ ಮುನಿಸು ಇನ್ನೂ ದೊಡ್ಡದು. ಗಂಡ ಮಿಸ್ನೊ ಭವನದ ಗೇಟಿನಲ್ಲಿ ಮೆಂಡೊಆನ್ ಕರಿಯುತ್ತಾರೆ. ಸೋಯಾಕಾಳು ಹುದುಗಿಸಿ ಮಾಡಿದ ತೆಂಪೆಯನ್ನು ಹಿಟ್ಟಿನಲ್ಲಿ ಅದ್ದಿ, ಮೆತ್ತಗಿರುವಾಗಲೇ ಬಾಣಲೆಯಿಂದ ತೆಗೆದು ಹಸಿಮೆಣಸಿನ ಜೊತೆ ಕೊಡುವುದರಲ್ಲಿ ಅವರದು ಎತ್ತಿದ ಕೈ. ಗಿಲಾಂಗ್ ಆಡುವ ದಿನ ಬಾಣಲೆ ಇಳಿಸಿ, ಬಿದಿರಿನ ಕೆಂತೊಂಗನ್ ಬಾರಿಸುವ ಮೇಳದೊಡನೆ ಗ್ಯಾಲರಿ ಹತ್ತುತ್ತಾರೆ. ಅವರ ಬಿದಿರು ಟೊಕ್ ಎಂದರೆ ಮೂಲೆಯಲ್ಲಿ ಕೂತವರೂ ಎದ್ದು ನಿಲ್ಲುತ್ತಾರೆ. ಅಂಥವರು ಹೋದ ವರ್ಷ ಹೆಂಡತಿಯ ಜೊತೆ ಒಂದು ವಾರ ಮಾತು ಬಿಟ್ಟರು.

"ಒರೆಸೋದಕ್ಕೆ ಏನು ಖರ್ಚಾಗ್ತಿತ್ತು ಬುನೆ ನಿಂಗೆ? ಹಿಂಗೆ ಹೋಗಿ ಹಂಗೆ ಬಟ್ಟೆ ಆಡ್ಸಿ ಬಂದಿದ್ರೆ ಆಗ್ತಿತ್ತು," ಎನ್ನುತ್ತಾರೆ ಮಿಸ್ನೊ, ಈಗಲೂ. ಮಕ್ಕಳ ತಾಯಿಯನ್ನು ಗಂಡ ಕರೆಯುವುದು ಬುನೆ ಎಂದೇ; ಹೊರಗಿನವರು ಮರ್ಯಾದೆಗೆ ಹೆಂಗಸರನ್ನು ಬು ಎಂದು, ಗಂಡಸರನ್ನು ಪಾಕ್ ಎಂದು ಕರೆಯುತ್ತಾರೆ.

"ಅದು ಒರೆಸೋದಲ್ಲ, ನಾಟಕ. ನಾಟಕ ಮಾಡೋಕೆ ನನ್ನನ್ನ ಯಾರೂ ಕೂರ್ಸಿರ್ಲಿಲ್ಲ. ನೀನು ಬೇಯದೇ ಇರೋ ತೆಂಪೆನ ಬೆಂದಿದೆ ಅಂತ ಕೊಡ್ತೀಯಾ?"

"ಅರ್ಧ ಬೆಂದಿದ್ದೇ ಕೊಡೋದು ನಾನು."

"ಅರ್ಧ ಬೆಂದಿದೆ ಅಂತ ಹೇಳೇ ಕೊಡ್ತೀಯಲ್ಲ!"

ಗಿರಾಕಿಗಳೆಲ್ಲ ನಗುತ್ತಾರೆ. ಮಿಸ್ನೊ ಬಾಣಲೆ ಕಡೆ ತಿರುಗಿಕೊಳ್ಳುತ್ತಾರೆ.

ನೆಲದ ಬಗ್ಗೆ ದರ್ಸಿನಾಗೆ ಇಷ್ಟು ಹಟ ಯಾಕೆ ಎಂಬುದಕ್ಕೆ ಪಂದ್ಯಾವಳಿಯ ಬಾಲ್ಯಕ್ಕೇ ಹೋಗಬೇಕು. ಮೊದಲ ಸ್ಲಾಮೆತ್ ಕಪ್ ನಡೆದದ್ದು ಸಕ್ಕರೆ ಕಾರ್ಖಾನೆಯೊಂದರ ಖಾಲಿ ಗೋದಾಮಿನಲ್ಲಿ. ಕಾರ್ಖಾನೆಯ ಗುಮಾಸ್ತರೊಬ್ಬರು ಸಂಜೆ ಆಡುವ ಗೆಳೆಯರನ್ನೆಲ್ಲ ಕೂಡಿಸಿ, 'ಅಂತರರಾಷ್ಟ್ರೀಯ ಪಂದ್ಯಾವಳಿ' ಎಂದು ಬಟ್ಟೆಯ ಮೇಲೆ ಬರೆಸಿ ನೇತುಹಾಕಿಬಿಟ್ಟರು. ಪರದೇಶದವರು ಯಾರು ಎಂದರೆ, ಊರಿನ ಚರ್ಚಿನ ಡಚ್ ಪಾದ್ರಿ ರೊಮೊ ಹೆಂಕ್ ಒಬ್ಬರು, ಹಾಲಿನ ಡಬ್ಬಿ ಮಾರಲು ಬಂದು ಬಸ್ಸು ತಪ್ಪಿಸಿಕೊಂಡಿದ್ದ ಸಿಂಗಪುರದ ವ್ಯಾಪಾರಿ ಇನ್ನೊಬ್ಬರು. ವ್ಯಾಪಾರಿ ಎರವಲು ಪಡೆದ ಬೂಟಿನಲ್ಲಿ ಸೆಮಿಫೈನಲ್ ತನಕ ಬಂದರು. ಗೋದಾಮಿನ ನೆಲದಲ್ಲಿ ಸಕ್ಕರೆಯ ಅಂಶ ಎಷ್ಟು ಇಳಿದಿತ್ತೆಂದರೆ ಬೆವರು ಬಿದ್ದಲ್ಲೆಲ್ಲ ಇರುವೆ ಮುತ್ತಿಕೊಳ್ಳುತ್ತಿತ್ತಂತೆ. ಗೇಮಿಗೊಮ್ಮೆ ಇರುವೆ ಗುಡಿಸಿ ಆಡುತ್ತಿದ್ದರು.

ಹೆಸರು ಹೇಗೋ ಹಬ್ಬಿತು. ಮೂರನೆಯ ವರ್ಷ ಕ್ವಾಲಾಲಂಪುರದಿಂದ, ಬ್ಯಾಂಕಾಕಿನಿಂದ ನಿಜವಾದ ಆಟಗಾರರೇ ಬರುತ್ತಾರೆಂದು ಸುದ್ದಿಯಾಯಿತು. ಗೋದಾಮು ತೊಳೆಯಲು ಹುಡುಗಿಯರು ಬೇಕಾದರು. ಹದಿನಾರರ ದರ್ಸಿನಾ ಬಂದದ್ದು ಹಾಗೆ. ದೂರದಿಂದ ಅತಿಥಿಗಳು ಬರುತ್ತಾರೆ, ನೆಲ ಹೊಳೆಯಬೇಕು ಎಂದು ಗುಮಾಸ್ತರು ಹೇಳಿ ಹೋದರು. ಅತಿಥಿ ಬರುವಾಗ ನೆಲ ಹೊಳೆಯುವಂತೆ ಮಾಡುವುದು ಹೇಗೆಂದು ಈ ಕಡೆಯ ಯಾವ ಹೆಣ್ಣುಮಗಳಿಗೆ ಗೊತ್ತಿಲ್ಲ? ಉಪವಾಸದ ತಿಂಗಳು ಮುಗಿದು ಬರುವ ಲೆಬಾರಾನ್ ಹಬ್ಬಕ್ಕೆ ಮುಂಚೆ ಮನೆಮನೆಯಲ್ಲೂ ಮಾಡುವುದು ಅದನ್ನೇ. ಕಾಯಿ ತುರಿದು, ಹಾಲು ಹಿಂಡಿ, ಉಳಿದ ಚರಟವನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ನೆಲಕ್ಕೆ ತಿಕ್ಕುತ್ತಾರೆ. ದರ್ಸಿನಾ ಕೇರಿಯ ಮನೆಗಳಿಂದೆಲ್ಲ ಕಾಯಿ ಚರಟ ಬೇಡಿ ತಂದು, ಇಡೀ ಅಂಗಣವನ್ನು ಮೊಣಕಾಲೂರಿ ತಿಕ್ಕಿದರು. ಮುಖ ಕಾಣುವಂತೆ ಹೊಳೆಯಿತು.

ಮರುದಿನ ಬೆಳಗ್ಗೆ ಮೊದಲ ಪಂದ್ಯ ರೊಮೊ ಹೆಂಕ್ ಅವರದು. ಆರಡಿ ಆಳು, ಒಂದು ಹೆಜ್ಜೆ ಮುಂದಿಟ್ಟರು. ಎರಡನೆಯದನ್ನು ಇಡಲೇ ಇಲ್ಲ. ಬಲೆಯ ಕೆಳಗಿಂದ ಜಾರಿಕೊಂಡು ಎದುರಾಳಿಯ ಕಾಲಬುಡಕ್ಕೆ ಹೋಗಿ ಮುಟ್ಟಿದರು. ಎತ್ತಲು ಓಡಿದ ಎದುರಾಳಿಯೂ ಬಿದ್ದ. ಇಬ್ಬರನ್ನೂ ಎತ್ತಲು ಹೋದ ಅಂಪೈರೂ ಬಿದ್ದ.

"ನಾನು ಕಂಬದ ಹಿಂದೆ ನಿಂತು ಅಳ್ತಿದ್ದೆ. ಗುಮಾಸ್ತರು ನನ್ನ ಕೊಂದೇ ಹಾಕ್ತಾರೆ ಅನ್ಕೊಂಡೆ," ಎಂದು ದರ್ಸಿನಾ ನೆನೆಯುತ್ತಾರೆ. "ರೊಮೊ ಕೂತ್ಕೊಂಡೇ ನೆಲ ಮೂಸಿ ನೋಡಿದ್ರು. 'ಇದ್ಯಾರು ಕಾಯಿ ತಿಕ್ಕಿದ್ದು? ನಮ್ಮನ್ನ ಆಡಕ್ಕೆ ಕರೆದ್ರಾ, ಹುರಿಯಕ್ಕೆ ಕರೆದ್ರಾ?' ಅಂದ್ರು. ಆಮೇಲೆ ಬಿದ್ದು ಬಿದ್ದು ನಕ್ಕರು. ನಂಗೆ ಸಿಟ್ಟು ಬಂತು. ನಾನು ಅಷ್ಟು ಕಷ್ಟಪಟ್ಟು ತಿಕ್ಕಿದೀನಿ, ಇವರಿಗೆ ನೆಟ್ಟಗೆ ನಿಲ್ಲಕ್ಕೆ ಬರಲ್ಲ ಅಂತ!"

ಒಲೆಬೂದಿ, ಅಕ್ಕಿತೌಡು ಸುರಿದು, ಊರವರೆಲ್ಲ ಸೇರಿ ನೆಲವನ್ನು ಉಜ್ಜಿ ಉಜ್ಜಿ, ಮಧ್ಯಾಹ್ನದ ಮೇಲೆ ಆಟ ಶುರುವಾಯಿತು. ಗುಮಾಸ್ತರು ಹುಡುಗಿಯನ್ನು ಓಡಿಸಲು ಹೊರಟಾಗ ರೊಮೊ ಅಡ್ಡ ಬಂದರು. ನಾಳೆಯಿಂದ ಆಟಕ್ಕೆ ಮುಂಚೆ ಇವಳು ಬರಿಗಾಲಲ್ಲಿ ಅಂಗಣವಿಡೀ ನಡೆಯಲಿ, ಇವಳು ಜಾರದಿದ್ದರೆ ನಾವು ಆಡುತ್ತೇವೆ ಎಂದರು. ಅವರೇ ತಮ್ಮ ಚರ್ಚಿನ ಬಡಗಿಯಿಂದ ಹಲಸಿನ ಮರದ ಗಿಡ್ಡ ಮಣೆಯೊಂದನ್ನು ಮಾಡಿಸಿ, ಇಲ್ಲಿ ಕೂತು ನೆಲ ನೋಡುತ್ತಿರು ಎಂದು ಅಂಗಣದ ಅಂಚಿನಲ್ಲಿ ಇಟ್ಟರು. ಅಂದಿನಿಂದ ಆ ಜಾಗ ದರ್ಸಿನಾದು.

ಆಮೇಲೆ ಪಂದ್ಯಾವಳಿ ಗೋದಾಮಿನಿಂದ ಈ ಭವನಕ್ಕೆ ಬಂತು. ಸಿಮೆಂಟು ಹೋಗಿ ಮರದ ನೆಲ ಬಂತು, ಮರದ ಮೇಲೆ ಹಸಿರು ಹಾಸು ಬಂತು. ಹದಿನೈದರ ಗೇಮು ಇಪ್ಪತ್ತೊಂದರದ್ದಾಯಿತು. ಡೆನ್ಮಾರ್ಕಿನವರು, ಜಪಾನಿನವರು, ಚೀನಾದವರು ಬಂದರು. ಬೆಟ್ಟ ಕೆಮ್ಮಿದ ವರ್ಷ ಸೂರಿನ ಸಂದಿನಿಂದೆಲ್ಲ ಬೂದಿ ಉದುರಿ, ಬಿಳಿ ಗೆರೆ ಯಾವುದು ನೆಲ ಯಾವುದು ತಿಳಿಯದಂತಾಯಿತು. ಪಂದ್ಯ ರದ್ದು ಎಂದು ಅಧಿಕಾರಿಗಳು ಹೇಳುವಷ್ಟರಲ್ಲಿ ದರ್ಸಿನಾ ಕೇರಿಯ ಹೆಂಗಸರನ್ನು ಸಾಲಾಗಿ ನಿಲ್ಲಿಸಿ ಗುಡಿಸಲು ಶುರುಮಾಡಿಬಿಟ್ಟಿದ್ದರು. ಒಂದು ಗೇಮು ಆಟ, ಒಂದು ಸುತ್ತು ಗುಡಿಸು. ಹಾಗೇ ಫೈನಲ್ ತನಕ ಹೋಯಿತು.

ದೇಶದಲ್ಲಿ ದುಡ್ಡು ಕಾಗದವಾಗಿ, ಬೀದಿಗಳಲ್ಲಿ ಬೆಂಕಿ ಬಿದ್ದ ವರ್ಷ ಒಬ್ಬ ಪರದೇಶಿಯೂ ಬರಲಿಲ್ಲ. ಈ ಸಲ ಬಿಡೋಣ ಎಂದರು ಕೆಲವರು. ಅಂತರರಾಷ್ಟ್ರೀಯ ಎಂಬ ಪದ ಒಂದು ಸಲ ಅಳಿಸಿದರೆ ಮತ್ತೆ ಬರೆಯಲು ಯಾರೂ ಬಿಡುವುದಿಲ್ಲ ಎಂದರು ಮುದುಕರಾಗಿದ್ದ ಗುಮಾಸ್ತರು. ಎಲ್ಲರೂ ಚರ್ಚಿನ ಕಡೆ ನೋಡಿದರು. ಎಪ್ಪತ್ತರ ಹತ್ತಿರದ ರೊಮೊ ಹೆಂಕ್ ಮಂಡಿಗೆ ಪಟ್ಟಿ ಸುತ್ತಿಕೊಂಡು ಬಂದು ಮೊದಲ ಸುತ್ತು ಆಡಿದರು. ಒಂದೂ ಅಂಕ ಗಳಿಸದೆ ಸೋತರು. ಊರು ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಹೊರಗೆ ಹೋಗುವಾಗ ದರ್ಸಿನಾ ಮುಂದೆ ನಿಂತು, "ಈ ಸಲ ನೆಲ ಚೆನ್ನಾಗಿತ್ತು, ನಾನೇ ಚೆನ್ನಾಗಿರಲಿಲ್ಲ," ಎಂದರಂತೆ. ಅವರ ಗೋರಿ ಈಗ ಊರಿನಲ್ಲೇ ಇದೆ. ಪ್ರತಿ ಪಂದ್ಯಾವಳಿಗೆ ಮುಂಚೆ ದರ್ಸಿನಾ ಹೋಗಿ ಅದನ್ನೂ ಒರೆಸಿ ಬರುತ್ತಾರೆ.

ವರ್ಷದ ಉಳಿದ ದಿನಗಳಲ್ಲಿ ಅವರು ಇದೇ ಭವನದ ಕಸ ಗುಡಿಸುವ ಕೆಲಸದಾಕೆ. ಶಾಲೆಯ ವಾರ್ಷಿಕೋತ್ಸವ, ಮದುವೆಯ ಊಟ, ಚುನಾವಣೆಯ ಸಭೆ, ಎಲ್ಲದರ ಎಂಜಲೂ ಅವರ ಪಾಲಿಗೆ. ಆ ಒಂದು ವಾರ ಮಾತ್ರ ಅವರ ಬದುಕಿಗೆ ಬೇರೆ ಬಣ್ಣ. ಬೆಳಗಿನಿಂದ ಕೊನೆಯ ಪಂದ್ಯದ ತನಕ ಮಣೆಯ ಮೇಲೆ. ಎಲೆಯಲ್ಲಿ ಕಟ್ಟಿದ ಅನ್ನವನ್ನು ಎರಡು ಪಂದ್ಯಗಳ ನಡುವೆ ನುಂಗುವುದು. ಎದ್ದು ಕೂತು, ಎದ್ದು ಕೂತು ಮಂಡಿಗಳು ಸವೆದಿವೆ, ಮೆಟ್ಟಿಲು ಇಳಿಯುವಾಗ ಗೋಡೆ ಬೇಕು. ಹುಬ್ಬಿನ ಮೇಲೊಂದು ಗಾಯದ ಗುರುತಿದೆ. ಎಷ್ಟೋ ವರ್ಷದ ಹಿಂದೆ ಸೋತ ಚಾಂಪಿಯನ್ ಒಬ್ಬ ಸಿಟ್ಟಿನಲ್ಲಿ ಬೀಸಿದ ರಾಕೆಟ್ಟು ಬಂದು ಬಡಿದದ್ದು. ದರ್ಸಿನಾ ರಕ್ತ ಒರೆಸಿಕೊಂಡು, ರಾಕೆಟ್ಟನ್ನು ಮಣೆಯ ಕೆಳಗೆ ತಳ್ಳಿ, ಅದರ ಮೇಲೆ ಗಟ್ಟಿಯಾಗಿ ಕೂತುಬಿಟ್ಟರು. ಯಾರು ಬಂದು ಕೇಳಿದರೂ ಏಳಲಿಲ್ಲ. ಕೊನೆಗೆ ಅವನೇ ಬಂದು, ಮಂಡಿ ಮಡಿಸಿ ಕೂತು, ತಪ್ಪಾಯಿತು ಎಂದು ಸನ್ನೆಯಲ್ಲಿ ಹೇಳಿದ ಮೇಲೆ ಕೊಟ್ಟರು.

"ತಪ್ಪು ಮಾಡ್ದೋನು ಬಂದು ಕೇಳ್ದ, ಸರಿ ಹೋಯ್ತು. ಈಗ ಇವ್ರು ಹೇಳ್ತಿರೋದು, ರಾಕೆಟ್ಟಲ್ಲಿ ಹೊಡೆಸ್ಕೊಂಡೋಳೇ ಕ್ಷಮೆ ಕೇಳು ಅನ್ನೋ ಹಂಗಿದೆ."

ಬೆಳಕು ಹರಿಯುತ್ತಿದ್ದಂತೆ ಇವತ್ತು ಬಾಗಿಲಲ್ಲಿ ಇನ್ನೊಂದು ನೆರಳು ಕಾಣುತ್ತದೆ. ಗಿಲಾಂಗ್. ಮೂವತ್ತೆರಡು ದಾಟಿದ್ದಾನೆ, ಭುಜಕ್ಕೆ ಪಟ್ಟಿ ಇದೆ. ಇದೇ ತನ್ನ ಕೊನೆಯ ಸ್ಲಾಮೆತ್ ಕಪ್ ಎಂದು ವಾರದ ಆರಂಭದಲ್ಲೇ ಹೇಳಿದ್ದಾನೆ. ಚಿಕ್ಕವನಿದ್ದಾಗ ಇದೇ ಅಂಗಣದ ಅಂಚಿನಲ್ಲಿ ದರ್ಸಿನಾ ಪಕ್ಕ ಕೂತು ಹರಿದ ಶಟಲ್ ಆಯುತ್ತಿದ್ದವನು. ಈ ವಾರವಿಡೀ ಅವರನ್ನು ಕಂಡರೂ ಕಾಣದಂತೆ ದಾಟಿ ಹೋಗಿದ್ದಾನೆ. ಈಗ ತಪ್ಪಿಸಿಕೊಳ್ಳಲು ದಾರಿಯಿಲ್ಲ.

"ಲಿಕ್," ಎನ್ನುತ್ತಾನೆ, ಬೂಟಿನ ದಾರ ಕಟ್ಟುವ ನೆಪದಲ್ಲಿ ಬಗ್ಗಿ. "ಒಂದು ಮಾತು ಹೇಳ್ಬಿಡಿ, ಮುಗ್ದೋಗ್ಲಿ. ಪಾಕ್ ಕುಂಚೊರೊ ಇವತ್ತೇ ಮಣೆ ವಾಪಸ್ ಇಡ್ಸ್ತೀನಿ ಅಂದಿದಾರೆ. ನಂಗೂ ಇದು ಚೆನ್ನಾಗಿ ಕಾಣ್ತಿಲ್ಲ."

"ಲೇ ಗಿಲಾಂಗ್, ಒಂದು ಕೇಳ್ತೀನಿ, ಹೇಳು. ಹೋದ ವರ್ಷ ನೆಲ ಒದ್ದೆಯಿತ್ತಾ?"

ಗಿಲಾಂಗ್ ದಾರವನ್ನು ಬಿಚ್ಚಿ ಮತ್ತೆ ಕಟ್ಟುತ್ತಾನೆ.

"ಒದ್ದೆಯಿತ್ತು ಅನ್ನು. ಈಗ್ಲೇ ಮೈಕ್ ಹಿಡ್ಕೊಂಡು ಕ್ಷಮೆ ಕೇಳ್ತೀನಿ. ಇಲ್ಲಿ ಯಾರೂ ಇಲ್ಲ, ನೀನು ನಾನು ಇಬ್ರೇ."

"ಸೋತಿದ್ದು ನಾನು ಲಿಕ್. ಊರೆಲ್ಲ ನಕ್ಕಿದ್ದು ನನ್ನ ನೋಡಿ."

"ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಆ ನೆಲದ ಕಡೆಯೋಳು ನಾನು. ನೆಲಕ್ಕೆ ಬಾಯಿಲ್ಲ, ನಂಗಿದೆ." ದರ್ಸಿನಾ ಬಟ್ಟೆ ಕೊಡವಿ ಮಡಿಸುತ್ತಾರೆ. "ಹೋಗು, ಮೈ ಬಿಸಿ ಮಾಡ್ಕೋ. ಆ ಬಲೆ ಹತ್ರ ಎಣ್ಣೆ ಇತ್ತು, ತೆಗ್ದಿದೀನಿ. ಧೈರ್ಯವಾಗಿ ಕಾಲಿಡು."

ಗಿಲಾಂಗ್ ಅಂಗಣಕ್ಕಿಳಿಯುತ್ತಾನೆ. ಬಲೆಯ ಹತ್ತಿರ ಕಾಲಿಡುವ ಮುಂಚೆ ಒಂದು ಕ್ಷಣ ತಡೆದು, ಆಮೇಲೆ ಪೂರ್ತಿ ಭಾರ ಬಿಟ್ಟು ನಿಲ್ಲುತ್ತಾನೆ.

ಮಧ್ಯಾಹ್ನಕ್ಕೆ ಭವನದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಗ್ಯಾಲರಿಯ ತುದಿಯಲ್ಲಿ ಮಿಸ್ನೊ ಮತ್ತವರ ಬಿದಿರು ಮೇಳ. ಕೆಳಗೆ ಗಿಲಾಂಗ್, ಅವನೆದುರು ಡೆನ್ಮಾರ್ಕಿನ ಯೆನ್ಸ್. ತೆಂಗಿನ ಮರದಂಥ ಆಳು. ಅಂಗಣದ ಅಂಚಿನಲ್ಲಿ ಒಂದೇ ಬಣ್ಣದ ಅಂಗಿ ತೊಟ್ಟ ಕಾಲೇಜು ವಿದ್ಯಾರ್ಥಿಗಳು ಉದ್ದ ಹಿಡಿಯ ಒರೆಸುಗೋಲು ಹಿಡಿದು ಕೂತಿದ್ದಾರೆ. ಯಾರು ಬೆರಳು ತೋರಿಸಿದರೂ ಓಡಿ ಬರಬೇಕು, ಒರೆಸಬೇಕು, ಬಾಯಿ ಬಿಡಬಾರದು. ಸಮಿತಿ ಅವರಿಗೆ ಹೇಳಿಕೊಟ್ಟಿರುವುದು ಅಷ್ಟೇ. ದರ್ಸಿನಾ ಮೊಗಸಾಲೆಯಲ್ಲಿ ಬಕೆಟ್ಟಿನ ಪಕ್ಕ ನಿಂತು, ಬಾಗಿಲ ಸಂದಿನಿಂದ ಕಾಣುವಷ್ಟನ್ನು ನೋಡುತ್ತಿದ್ದಾರೆ. ಅಲ್ಲಿಂದ ಆಟಗಾರರ ಕಾಲು ಮಾತ್ರ ಕಾಣುತ್ತದೆ. ಅವರಿಗೆ ಬೇಕಾದದ್ದೂ ಅಷ್ಟೇ.

ಮೊದಲ ಗೇಮು ಗಿಲಾಂಗ್‌ಗೆ, ಎರಡನೆಯದು ಯೆನ್ಸ್‌ಗೆ. ಮೂರನೆಯದರ ನಡುವೆ ಯೆನ್ಸ್ ನೆಲದ ಕಡೆ ಬೆರಳು ತೋರಿಸಲು ಶುರುಮಾಡುತ್ತಾನೆ. ವಿದ್ಯಾರ್ಥಿಗಳು ಓಡಿ ಬಂದು ಒರೆಸುತ್ತಾರೆ. ಎರಡು ಅಂಕವಾದ ಮೇಲೆ ಮತ್ತೆ ಬೆರಳು. ಮತ್ತೆ ಓಟ. ಗಿಲಾಂಗ್ ಸೊಂಟದ ಮೇಲೆ ಕೈಯಿಟ್ಟು ಸೂರು ನೋಡುತ್ತ ನಿಲ್ಲುತ್ತಾನೆ. ಕಾದ ಮೈ ತಣ್ಣಗಾಗುತ್ತಿದೆ. ಹೋದ ವರ್ಷ ಅವನು ಮಾಡಿದ್ದನ್ನೇ ಈ ವರ್ಷ ಅವನ ಮೇಲೆ ಮಾಡುತ್ತಿದ್ದಾರೆಂದು ಜನ ಬುಸುಗುಡುತ್ತಾರೆ. ಬೈಗುಳ, ಸಿಳ್ಳೆ, ಕಾಲು ಕುಟ್ಟುವ ಸದ್ದು.

ಆಗ ಗ್ಯಾಲರಿಯ ತುದಿಯಿಂದ ಬಿದಿರಿನ ಸದ್ದು ಬರುತ್ತದೆ. ಟೊಕ್, ಟೊಕ್. ಅದರ ಮೇಲೆ ಒಂದು ಗಂಡುದನಿ: "ಲಿಕ್ಕನ್ನ ಕರೀರಿ!"

ಹೆಂಡತಿಯ ಜೊತೆ ವಾರವಿಡೀ ಮಾತು ಬಿಟ್ಟಿದ್ದ ಗಂಡ ಕೂಗಿದ್ದು. ಮರುಕ್ಷಣ ಭವನವೇ ಕೂಗುತ್ತದೆ. ಸಂತೆಯ ಸೊಪ್ಪಿನವಳು, ಬಸ್ ತಂಗುದಾಣದ ಪಡ್ಡೆಗಳು, ವರ್ಷವಿಡೀ ಆಡಿಕೊಂಡ ಅದೇ ಬಾಯಿಗಳು. "ಲಿಕ್! ಲಿಕ್! ಲಿಕ್!" ಗದ್ದಲಕ್ಕೆ ಅಂಪೈರ್ ಆಟ ನಿಲ್ಲಿಸುತ್ತಾರೆ. ಜನರನ್ನು ಸುಮ್ಮನಾಗಿಸಿ ಎಂದು ಕುಂಚೊರೊ ಅವರಿಗೆ ಹೇಳಿ ಕಳಿಸುತ್ತಾರೆ. ಕುಂಚೊರೊ ಮೈಕು ಹಿಡಿದರೆ ಕೂಗು ಇಮ್ಮಡಿಯಾಗುತ್ತದೆ. ಕೊನೆಗೆ ಬೆವರು ಒರೆಸಿಕೊಳ್ಳುತ್ತ ಮೊಗಸಾಲೆಗೆ ಬರುತ್ತಾರೆ.

"ಬು ದರ್ಸಿನಾ, ಸ್ವಲ್ಪ ಬನ್ನಿ."

"ಕ್ಷಮೆ ಕೇಳ್ದೇನೇ ಬರ್ಬೋದಾ ಪಾಕ್?"

"ಈಗ ಅದೆಲ್ಲ ಯಾಕೆ? ಬನ್ನಿ ಅಂದ್ನಲ್ಲ."

"ಆಮೇಲೆ ಕೇಳು ಅನ್ಬಾರ್ದು. ಈಗ್ಲೇ ಹೇಳಿ."

"ಇಲ್ಲ ಮಾರಾಯ್ತಿ, ಬನ್ನಿ!"

ದರ್ಸಿನಾ ಒದ್ದೆ ಕೈಯನ್ನು ಚೆನ್ನಾಗಿ ಒರೆಸಿಕೊಂಡು, ಬಾತಿಕ್ ಬಟ್ಟೆ ಹೆಗಲಿಗೇರಿಸಿ, ಬರಿಗಾಲಲ್ಲಿ ಅಂಗಣಕ್ಕೆ ಕಾಲಿಡುತ್ತಾರೆ. ಗ್ಯಾಲರಿ ಸಿಡಿಯುತ್ತದೆ. ಎಲ್ಲರೂ ಆ ಒಂದು ಪದಕ್ಕೆ ಕಾಯುತ್ತಿದ್ದಾರೆ. ಹೋದ ವರ್ಷ ಊರನ್ನು ಸೋಲಿಸಿದ ಪದ ಈ ವರ್ಷ ಊರನ್ನು ಗೆಲ್ಲಿಸಬೇಕು. ಯೆನ್ಸ್ ಬೆರಳು ತೋರಿಸಿದ ಜಾಗದಲ್ಲಿ ಅವರು ಬಗ್ಗಿ ಅಂಗೈ ಊರುತ್ತಾರೆ. ಎತ್ತಿ ಬೆಳಕಿಗೆ ಹಿಡಿಯುತ್ತಾರೆ.

ಅಂಗೈ ಹೊಳೆಯುತ್ತಿದೆ.

ದರ್ಸಿನಾ ಆ ಕೈಯನ್ನು ಅಂಪೈರ್‌ಗೆ ತೋರಿಸುತ್ತಾರೆ. "ಒದ್ದೆ," ಎನ್ನುತ್ತಾರೆ. ಸವೆದ ಮಂಡಿಗಳನ್ನು ಒಂದೊಂದಾಗಿ ಊರಿ ಕೂತು ಒರೆಸಲು ಶುರುಮಾಡುತ್ತಾರೆ. ಅವಸರವಿಲ್ಲ. ಒರೆಸಿ, ಎದ್ದು ಅಂಗಾಲಿಟ್ಟು ನೋಡಿ, ಸಾಲದೆಂದು ಮತ್ತೆ ಕೂತು ಒರೆಸುತ್ತಾರೆ. ಬಿದಿರು ಸುಮ್ಮನಾಗಿದೆ. ಗ್ಯಾಲರಿಯಿಂದ ಒಬ್ಬ ಅರಚುತ್ತಾನೆ: "ಲಿಕ್! ನೀವು ಯಾವೂರವರು?"

"ನಿಮ್ಮೂರವಳೇ ಕಣೋ!" ದರ್ಸಿನಾ ತಲೆ ಎತ್ತದೆ ಕೂಗಿ ಹೇಳುತ್ತಾರೆ. "ಅದ್ಕೇ ಇದ್ದದ್ದು ಇದ್ದ ಹಾಗೆ ಹೇಳ್ದೆ!"

ಈ ಸಲ ಯಾರು ಮೊದಲು ನಕ್ಕರೋ ಗೊತ್ತಿಲ್ಲ. ಗಿಲಾಂಗ್ ಮುಖದಲ್ಲೂ ಏನೋ ಸಡಿಲವಾಗುತ್ತದೆ. ದರ್ಸಿನಾ ಎದ್ದು, ವಿದ್ಯಾರ್ಥಿಗಳ ಪಕ್ಕ ಬರೀ ನೆಲದ ಮೇಲೆ ಕೂರುತ್ತಾರೆ. ಮಣೆ ಕೇಳುವುದಿಲ್ಲ. ಆಟ ಮುಂದುವರಿಯುತ್ತದೆ. ಕೆಲವು ಅಂಕಗಳ ನಂತರ ಯೆನ್ಸ್‌ನ ಬೆರಳು ಮತ್ತೆ ನೆಲದತ್ತ ಹೊರಡುತ್ತದೆ. ಅಂಚಿನಲ್ಲಿ ಕೂತ ಮುದುಕಿಯನ್ನು ನೋಡುತ್ತಾನೆ. ಬೆರಳು ಮಡಿಸಿಕೊಂಡು ತನ್ನ ಜಾಗಕ್ಕೆ ಹೋಗುತ್ತಾನೆ. ಗಿಲಾಂಗ್ ಒಂದು ಸಲವೂ ಕೈ ತೋರಿಸುವುದಿಲ್ಲ. ಉಸಿರು ಸಿಕ್ಕಷ್ಟು ಸಿಕ್ಕಲಿ ಎಂದು ಆಡುತ್ತಾನೆ. ಇಪ್ಪತ್ತು ಸಮದವರೆಗೂ ಬರುತ್ತಾನೆ. ಆಮೇಲೆ ಎರಡು ಅಂಕ ಯೆನ್ಸ್‌ಗೆ ಹೋಗುತ್ತವೆ. ಕೊನೆಯ ಶಟಲ್‌ಗೆ ಹಾರಿದ ಗಿಲಾಂಗ್ ಅಂಗಣದ ಮೇಲೆ ಉದ್ದಕ್ಕೆ ಬಿದ್ದಿರುತ್ತಾನೆ.

ಊರು ಮತ್ತೆ ಸೋತಿದೆ. ಜನ ಬಹಳ ಹೊತ್ತು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಾರೆ, ಆಮೇಲೆ ಮೆಲ್ಲಗೆ ಕರಗುತ್ತಾರೆ. ಕೈಕುಲುಕುವುದು, ಬಹುಮಾನ, ಫೋಟೊ ಎಲ್ಲ ಮುಗಿದ ಮೇಲೆ ಗಿಲಾಂಗ್ ತಾನು ಬಿದ್ದಿದ್ದ ಜಾಗಕ್ಕೆ ಬಂದು ನಿಲ್ಲುತ್ತಾನೆ. ಅವನ ಮೈಯ ಅಚ್ಚು ಇನ್ನೂ ಹಾಸಿನ ಮೇಲಿದೆ.

"ಇದು ನಿಜವಾಗ್ಲೂ ಒದ್ದೆ ಲಿಕ್."

"ಕಾಣ್ತಿದೆ ಬಿಡು," ಎಂದು ದರ್ಸಿನಾ ಬಗ್ಗುತ್ತಾರೆ.

ಕುಂಚೊರೊ ಅಲ್ಲೇ ನಿಂತಿದ್ದಾರೆ. ಗಿಲಾಂಗ್ ಅವರ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳುತ್ತಾನೆ: "ಹೋದ ವರ್ಷ ನೆಲ ಒಣಗಿತ್ತು ಪಾಕ್."

ಗಿಲಾಂಗ್ ದರ್ಸಿನಾ ಪಕ್ಕ ಕುಕ್ಕರಗಾಲಲ್ಲಿ ಕೂತು ಏನೋ ಹೇಳಲು ಹೋಗುತ್ತಾನೆ. "ಲಿಕ್, ಹೋದ ವರ್ಷದ್ದು..."

"ಹೋದ ವರ್ಷದ ನೆಲ ಹೋದ ವರ್ಷಾನೇ ಒರೆಸಿ ಆಯ್ತು. ಎದ್ದೇಳು, ನಿನ್ ಮೈಯಿಂದ ಇನ್ನೂ ಸುರೀತಿದೆ, ನಂಗೆ ಕೆಲಸ ಹೆಚ್ಚು ಮಾಡ್ಬೇಡ."

ದರ್ಸಿನಾ ಮುಖ ತಿರುಗಿಸಿ ಇನ್ನಷ್ಟು ಜೋರಾಗಿ ಒರೆಸುತ್ತಾರೆ. ಒರೆಸಿ ಮುಗಿಸಿ, ಎದ್ದು, ಕುಂಚೊರೊ ಮುಂದೆ ಕೈ ಚಾಚುತ್ತಾರೆ.

"ಮುಂದಿನ ತಿಂಗಳು ಸಭೆ ಕರೆದು ತೀರ್ಮಾನ ಮಾಡ್ತೀವಿ ಬು," ಎನ್ನುತ್ತಾರೆ ಕುಂಚೊರೊ. "ಎಲ್ಲದಕ್ಕೂ ಒಂದು ಕ್ರಮ ಅಂತ ಇರುತ್ತಲ್ಲ."

"ಸಭೆ ನಿಧಾನವಾಗಿ ಕರೀರಿ ಪಾಕ್. ಬೀಗದ ಕೈ ಈಗ ಕೊಡಿ."

ಕೈ ಹಾಗೇ ಚಾಚಿಕೊಂಡಿದೆ. ಗಿಲಾಂಗ್ ನೋಡುತ್ತಿದ್ದಾನೆ, ವಿದ್ಯಾರ್ಥಿಗಳು ನೋಡುತ್ತಿದ್ದಾರೆ, ಬಿದಿರು ಹೆಗಲಿಗೇರಿಸಿ ಗ್ಯಾಲರಿಯಿಂದ ಇಳಿದು ಬಂದ ಮಿಸ್ನೊ ನೋಡುತ್ತಿದ್ದಾರೆ. ಕುಂಚೊರೊ ಜೇಬಿಗೆ ಕೈ ಹಾಕುತ್ತಾರೆ.

ಸ್ವಲ್ಪ ಹೊತ್ತಿನಲ್ಲಿ ಹಲಸಿನ ಮಣೆ ತನ್ನ ಜಾಗದಲ್ಲಿದೆ. ಒಂದು ವರ್ಷದ ಧೂಳನ್ನು ದರ್ಸಿನಾ ಅದೇ ಬಾತಿಕ್ ಬಟ್ಟೆಯಿಂದ ಒರೆಸಿ, ಮಂಡಿ ಹಿಡಿದುಕೊಂಡು ಕೂರುತ್ತಾರೆ. ಮಿಸ್ನೊ ಎಲೆಯಲ್ಲಿ ಎರಡು ಮೆಂಡೊಆನ್ ತಂದು ಹೆಂಡತಿಯ ಕೈಗಿಡುತ್ತಾರೆ. ದೀಪಗಳು ಒಂದೊಂದಾಗಿ ಆರುತ್ತಿವೆ. ಹಾಸು ಸುತ್ತುವ ಕೂಲಿಯಾಳುಗಳು ಆ ತುದಿಯಿಂದ ಸುತ್ತಿಕೊಂಡು ಬಂದು ಮಣೆಯ ಹತ್ತಿರ ನಿಲ್ಲುತ್ತಾರೆ.

"ಏಳಿ ಲಿಕ್, ಪಂದ್ಯಾವಳಿ ಮುಗೀತು. ಹಾಸು ಲಾರಿಗೆ ಹಾಕ್ಬೇಕು."

"ಹಾಕಿ, ಯಾರು ಬೇಡ ಅಂದ್ರು?" ದರ್ಸಿನಾ ಹಸಿಮೆಣಸು ಕಚ್ಚಿಕೊಳ್ಳುತ್ತಾರೆ. "ನಾನು ಹಾಸಿನ ಮೇಲೆ ಕೂತಿಲ್ಲ, ಅಂಚಲ್ಲಿ ಕೂತಿದೀನಿ. ಮುಂದಿನ ವರ್ಷ ಹಾಸುವಾಗ ಈ ಮಣೆ ಎಲ್ಲಿದೆ ನೋಡ್ಕೊಂಡು, ಇಲ್ಲಿಂದ ಶುರು ಮಾಡಿ."